ಡಾಂಬರಿನಡಿ ಹೂತ ವಾಲ್ವ್ ಮತ್ತು ನನ್ನ ಗಂಡನ ಹೊಟ್ಟೆ

ನೀರು ಸರಬರಾಜು ಹಾಗೂ ಒಳಚರಂಡಿ ಇಲಾಖೆಯ ಮುಖ್ಯ ಎಂಜಿನಿಯರ್ ಹುದ್ದೆಯಲ್ಲಿರುವ ಮಾನ್ಯರೇ,

ಗಾಬರಿಯಾಗಬೇಡಿ. ಇದು ನನ್ನ ಮಾತಲ್ಲ, ನಿಮ್ಮದೇ. ‘ಹಳೆಯ ಮನೆಗಳಲ್ಲಿ ಕೊಳಾಯಿ ತುರ್ತುಸ್ಥಿತಿ: ನಾಗರಿಕರು ಅನುಸರಿಸಬೇಕಾದ ಕ್ರಮಗಳು’ ಎಂದು ನೀವು ಮನೆಮನೆಗೆ ಹಂಚಿದ ಬಣ್ಣದ ಕರಪತ್ರದ ಮೊದಲ ಸಾಲು ಅದು. ಎರಡನೆಯ ಸಾಲು, ‘ಕೂಡಲೇ ಬೀದಿಯ ಮುಖ್ಯ ವಾಲ್ವನ್ನು ಮುಚ್ಚಿ.’ ನಮ್ಮ ಬೀದಿಯ ಮುಖ್ಯ ವಾಲ್ವಿನ ಮೇಲೆ ನೀವು ಡಾಂಬರು ಹಾಕಿಸಿದ್ದೀರಿ. ಅದನ್ನು ಹೊರಗೆ ತೆಗೆಸಿ ಎಂದು ಕೇಳಿದರೆ ಅಂಥ ವಾಲ್ವೇ ಇಲ್ಲ ಎಂದಿರಿ. ವಾಲ್ವಿಲ್ಲದೆ ಮನೆ ಉಳಿಸಿಕೊಳ್ಳಲು ನಾವೇ ಒಂದು ಉಪಾಯ ಮಾಡಿಕೊಂಡರೆ, ಅದಕ್ಕೆ ನೀರಿನ ಪೋಲು ಎಂದು ಹೆಸರಿಟ್ಟು, ಬರುವ ಸೋಮವಾರ ನಮ್ಮ ಮನೆಯ ನೀರು ಕಡಿಯುತ್ತೇವೆಂದು ಬಾಗಿಲಿಗೆ ನೋಟಿಸು ಅಂಟಿಸಿದ್ದೀರಿ. ಆ ಬಾಗಿಲಿನೊಳಗೆ ನನ್ನ ಗಂಡ ಇದ್ದಾರೆ. ಅವರ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ದಿನಕ್ಕೆ ನಾಲ್ಕು ಸಲ ನಾನು ಅವರ ಹೊಟ್ಟೆಯೊಳಗೆ ಔಷಧದ ದ್ರವ ಬಿಟ್ಟು, ಹಳೆಯದನ್ನು ಹೊರಗೆ ಹರಿಸಬೇಕು. ಪ್ರತಿ ಸಲವೂ ಹರಿಯುವ ನೀರಿನಲ್ಲಿ ಸೋಪು ಹಾಕಿ ಕೈ ತೊಳೆಯಬೇಕು. ತೊಳೆಯದ ಕೈ ಅವರ ಪ್ರಾಣಕ್ಕೆ ಕುತ್ತು. ವಿಷಯ ಇಷ್ಟೇ, ಮಾನ್ಯರೇ. ಇನ್ನು ಮುಂದಿನದೆಲ್ಲ ನನ್ನ ಸಿಟ್ಟು. ಅದನ್ನೂ ದಯವಿಟ್ಟು ಓದಿ.

ನಾನು ನಿವೃತ್ತ ನರ್ಸ್. ಸೇವೆಯ ಬಹುಪಾಲು ಆಪರೇಷನ್ ಥಿಯೇಟರಿನಲ್ಲೇ ಕಳೆದವಳು. ರಕ್ತ ಚಿಮ್ಮಿದರೆ ಎಲ್ಲಿ ಒತ್ತಿ ಹಿಡಿಯಬೇಕು, ಡಾಕ್ಟರು ಕೈ ಚಾಚುವ ಮೊದಲೇ ಯಾವ ಕತ್ತರಿ ಕೊಡಬೇಕು ಎನ್ನುವುದು ನನಗೆ ನಿದ್ದೆಗಣ್ಣಲ್ಲೂ ಗೊತ್ತು. ಬೀದಿಯವರೆಲ್ಲ ನನ್ನನ್ನು ಸಿಸ್ಟರ್ ಅನ್ನುತ್ತಾರೆ. ಅವರಿಂದ ಕೇಳಿ ಕೇಳಿ ಗಂಡನೂ ಹಾಗೇ ಕರೆಯತೊಡಗಿದ್ದಾರೆ. ಈ ಸಂಸಾರದಲ್ಲಿ ಅದಕ್ಕಿಂತ ದೊಡ್ಡ ಅನಾಹುತಗಳು ಆಗಿವೆ, ಬಿಡಿ. ಅವರು ಬಸ್ ಕಂಡಕ್ಟರ್ ಆಗಿದ್ದವರು. ಉಸಿರಾಡಲೂ ಜಾಗವಿಲ್ಲದ ಬಸ್ಸಿನಲ್ಲಿ ಇನ್ನೂ ಹತ್ತು ಜನರನ್ನು ತುರುಕುತ್ತಿದ್ದ ಮನುಷ್ಯ ಈಗ ಸ್ವಂತ ಹೊಟ್ಟೆಯಲ್ಲಿ ಎರಡು ಲೀಟರ್ ದ್ರವಕ್ಕೆ ಜಾಗ ಮಾಡಿಕೊಡುತ್ತಿದ್ದಾರೆ. ಹೊಕ್ಕುಳ ಪಕ್ಕದಲ್ಲಿ ಒಂದು ಮೆತ್ತನೆಯ ನಳಿಕೆ ಅಳವಡಿಸಿದ್ದಾರೆ. ಕೊಕ್ಕೆಗೆ ನೇತುಹಾಕಿದ ಚೀಲದಿಂದ ಹೊಸ ದ್ರವ ಒಳಗೆ ಇಳಿಯುತ್ತದೆ, ಹಳೆಯದು ಕೆಳಗಿನ ಚೀಲಕ್ಕೆ ಹರಿದುಹೋಗುತ್ತದೆ. ಆ ನಳಿಕೆಗೆ ಬೆರಳುದ್ದದ ಒಂದು ಪ್ಲಾಸ್ಟಿಕ್ ಕ್ಲಾಂಪ್ ಇದೆ. ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಹರಿಯುತ್ತದೆ. ಒಬ್ಬ ಕಂಡಕ್ಟರನ ಹೊಟ್ಟೆಗೆ ಇರುವ ಸೌಲಭ್ಯ ಒಂದಿಡೀ ಬೀದಿಗೆ ಯಾಕಿಲ್ಲ? ಇದಕ್ಕೆ ನಿಮ್ಮ ಕರಪತ್ರದಲ್ಲಿ ಉತ್ತರ ಹುಡುಕಿದೆ. ಸಿಗಲಿಲ್ಲ.

ಹಿಂದೊಮ್ಮೆ ಆ ನಳಿಕೆಯ ಮೂಲಕ ಸೋಂಕು ಒಳಹೊಕ್ಕಿತ್ತು. ಹೊಟ್ಟೆ ಕಲ್ಲಾಯಿತು, ಜ್ವರ ತಲೆಗೇರಿತು, ಬದುಕಿದ್ದೇ ಹೆಚ್ಚು. ಮನೆಗೆ ಕಳಿಸುವಾಗ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು, ಇನ್ನೊಂದು ಸಲ ಹೀಗಾದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದರು. “ಅಂದ್ರೆ ನನ್ನ ಪಾಸಿಗೆ ಇದೇ ಕೊನೇ ಸ್ಟಾಪು ಅನ್ನಿ” ಎಂದು ಇವರು ನಕ್ಕರು. ಡಾಕ್ಟರೂ ನಕ್ಕರು. ನನಗೆ ನಗು ಬರಲಿಲ್ಲ.

ಇನ್ನು ನಮ್ಮ ಬಡಾವಣೆಯ ವಿಚಾರ. ಊರ ಅಂಚಿನ ಹಳೆಯ ಮನೆಗಳು. ಹೊರಗೆ ಬಣ್ಣ, ಒಳಗೆ ತುಕ್ಕು. ಗೋಡೆಯೊಳಗಿನ ಕಬ್ಬಿಣದ ಪೈಪುಗಳು ಯಾವತ್ತೋ ಸತ್ತಿವೆ, ಮಣ್ಣು ಮಾಡುವವರಿಲ್ಲದೆ ನಿಂತಿವೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮು, ಆಮೇಲೆ ಕಫ, ಅದಾದ ಮೇಲೆ ನೀರು. ಫ್ಲಶ್ ಟ್ಯಾಂಕಿಗೆ ಶುರುಮಾಡುವುದು ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಸಮಾರಂಭಗಳಲ್ಲಿ ನಿಮ್ಮ ಮೇಲಧಿಕಾರಿಗಳ ಭಾಷಣ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳಚರಂಡಿಗೆ ಮರದ ಬೇರು ನುಗ್ಗಿರುವುದರಿಂದ ಹೋಗಬೇಕಾದದ್ದು ವಾಪಸು ಬರುತ್ತದೆ. ನೆಂಟರು ಬಂದರೆ “ಬನ್ನಿ, ಕೂತ್ಕೊಳ್ಳಿ” ಅನ್ನುವ ಮೊದಲೇ “ದೊಡ್ಡದಕ್ಕೆ ಹೋಗೋದಿದ್ರೆ ಮುಂಚೆನೇ ಹೇಳ್ಬಿಡಿ, ಬಕೆಟ್ ತುಂಬಿಸ್ಬೇಕು” ಅನ್ನುವ ಸ್ಥಿತಿ. ಹಾಗಾಗಿ ನಮಗೆ ನೆಂಟರೂ ಕಡಿಮೆ. ಇದಕ್ಕೆಲ್ಲ ನಿಮ್ಮನ್ನು ದೂರುತ್ತಿಲ್ಲ. ಮುದಿಯಾದ ಮೇಲೆ ಎಲ್ಲರಿಗೂ ಸೋರುತ್ತದೆ. ಆದರೆ ಸೋರಿದಾಗ ನಿಲ್ಲಿಸುವ ದಾರಿಯೊಂದಿತ್ತಲ್ಲ, ಅದನ್ನು ಮುಚ್ಚಿದವರು ನೀವು.

ಬೀದಿಯ ಎಲ್ಲ ಮನೆಗಳಿಗೂ ಒಂದೇ ಪೈಪು, ಆ ಪೈಪಿಗೆ ಒಂದೇ ವಾಲ್ವು. ಬೀದಿಯ ತಿರುವಿನಲ್ಲಿ ಊಟದ ತಟ್ಟೆಯಷ್ಟಗಲದ ಕಬ್ಬಿಣದ ಮುಚ್ಚಳದ ಕೆಳಗಿತ್ತು. ಯಾರ ಮನೆಯಲ್ಲಿ ಪೈಪು ಒಡೆದರೂ ಹೋಗಿ ಮುಚ್ಚಳ ಎತ್ತಿ ತಿರುಗಿಸಿ ಬರುತ್ತಿದ್ದೆವು. ರಸ್ತೆಗೆ ಹೊಸ ಡಾಂಬರು ಹಾಕಿದ ದಿನ ಪಕ್ಕದ ಮನೆಯ ಟೈಲರು ರೋಲರಿನ ಎದುರಿಗೆ ಹೋಗಿ ನಿಂತ. “ಅಣ್ಣಾ, ಅಲ್ಲಿ ವಾಲ್ವ್ ಇದೆ, ಅದನ್ನ ಬಿಟ್ಟು ಹಾಕಿ.” ರೋಲರಿನವನು, “ನಮಗೆ ರೋಡ್ ಹಾಕೋಕೆ ಹೇಳಿದ್ದಾರೆ, ಬಿಡೋಕೆ ಹೇಳಿಲ್ಲ” ಎಂದ. ಟೈಲರು ಪಕ್ಕಕ್ಕೆ ಸರಿದ. ರೋಲರಿನ ಎದುರು ವಾದ ಮಾಡಲು ಯಾರಿಂದ ಆಗುತ್ತದೆ? ಮಾರನೆಯ ದಿನವೇ ನಾನು ನಿಮ್ಮ ಕಚೇರಿಗೆ ಬಂದೆ. ಕೌಂಟರಿನಲ್ಲಿದ್ದ ನಿಮ್ಮ ಸಿಬ್ಬಂದಿ ಗೋಡೆಯ ನಕ್ಷೆಯ ಮೇಲೆ ಬೆರಳಾಡಿಸಿ, “ಇಲ್ಲಿ ವಾಲ್ವ್ ಇಲ್ವಲ್ಲ ಮೇಡಂ” ಎಂದರು. ಬೀದಿಯಲ್ಲಿದೆ, ನಾನೇ ಎಷ್ಟೋ ಸಲ ತಿರುಗಿಸಿದ್ದೇನೆ ಎಂದೆ. “ನಕ್ಷೇಲಿ ಇಲ್ದೇ ಇರೋದು ಬೀದೀಲಿ ಹೆಂಗಿರುತ್ತೆ?” ಎಂದು ಅವರು ನನ್ನನ್ನೇ ಕೇಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಕಂಡಿದ್ದೆ. ಕಣ್ಣೆದುರು ನಿಂತ ಎತ್ತನ್ನು ಲೆಕ್ಕದಲ್ಲಿಲ್ಲ ಅನ್ನುವವರನ್ನು ಅವತ್ತೇ ಕಂಡದ್ದು.

ಹಾಗಾದರೆ ಮನೆಗೊಂದು ವಾಲ್ವ್ ಹಾಕಿಸಿಕೊಳ್ಳಬಾರದೇ ಎಂದು ನೀವು ಕೇಳುತ್ತೀರಿ. ನಾವು ಅಷ್ಟೂ ದಡ್ಡರಲ್ಲ. ನಮ್ಮ ಕಡೆಗೆ ಒಬ್ಬನೇ ಪ್ಲಂಬರು. ಯಾವಾಗ ಫೋನ್ ಮಾಡಿದರೂ “ಬಂದೆ ಅಕ್ಕಾ, ದಾರೀಲೇ ಇದೀನಿ” ಅನ್ನುವುದರಿಂದ ಅವನಿಗೆ ಬೀದಿಯವರು ‘ಬಂದೆ’ ಎಂದೇ ಹೆಸರಿಟ್ಟಿದ್ದಾರೆ. ಆ ಮಹಾನುಭಾವ ಅಂತೂ ಇಂತೂ ಬಂದು ನಮ್ಮ ಪೈಪು ತಟ್ಟಿ, ಬಾಯಲ್ಲಿ ಚ್ಚು ಚ್ಚು ಎಂದು, “ವಾಲ್ವ್ ಹಾಕ್ಬಹುದು ಅಕ್ಕಾ, ನಾನು ಹಾಕಿರೋ ವಾಲ್ವ್ ನನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಆದ್ರೆ ಪೈಪ್ ಕತ್ತರಿಸ್ಬೇಕಲ್ಲ, ಅದಕ್ಕೆ ಮೊದ್ಲು ಬೀದಿ ವಾಲ್ವ್ ಮುಚ್ಚಬೇಕು. ಎಲ್ಲಿದೆ ತೋರಿಸಿ” ಎಂದ. ರಸ್ತೆ ತೋರಿಸಿದೆ. ಹೊಸ ಡಾಂಬರಿನ ಮೇಲೆ ಕಾಲಾಡಿಸಿ ನೋಡಿ, “ರೋಡ್ ಮಾತ್ರ ಸೂಪರಾಗಿ ಮಾಡಿದ್ದಾರೆ” ಎಂದು ಹೊರಟುಹೋದ. ಹೀಗೆ, ವಾಲ್ವ್ ಹಾಕಲು ವಾಲ್ವ್ ಬೇಕು. ಇದನ್ನು ಯೋಚಿಸಿದ ತಲೆ ಯಾವುದೋ, ಅದಕ್ಕೆ ನನ್ನ ನಮಸ್ಕಾರ.

ಆಮೇಲೆ ಮಳೆ ಬಂದಹಾಗೆ ಒಂದೊಂದೇ ಮನೆಯಲ್ಲಿ ಪೈಪು ಒಡೆಯತೊಡಗಿತು. ಮೊದಲು ಟೈಲರನ ಮನೆ. ಅಡುಗೆಮನೆಯ ಗೋಡೆಯಿಂದ ಚಿಮ್ಮಿದ ನೀರು ಹೊಲಿಗೆ ಯಂತ್ರದವರೆಗೆ ಹೋಗುತ್ತಿತ್ತು. ನಾವೆಲ್ಲ ಬಟ್ಟೆ ತುರುಕುತ್ತ ಒದ್ದಾಡುತ್ತಿದ್ದಾಗ ಎದುರುಮನೆಯ ಅಕ್ಕ ಕಿಟಕಿಯಿಂದ ಕೂಗಿದರು. ಆ ಅಕ್ಕ ಇಡೀ ದಿನ ಆ ಕಿಟಕಿಯಲ್ಲೇ ಇರುವುದರಿಂದ ಅವರನ್ನು ಹಿಂದಿನಿಂದ ಸಿಸಿಟಿವಿ ಅಕ್ಕ ಅನ್ನುತ್ತೇವೆ. ಈಗ ಮುಂದಿನಿಂದಲೂ ಅಂದಹಾಗಾಯಿತು. “ಏ, ನಾನು ನಲ್ಲಿ ಬಿಟ್ಟಾಗ ಅಲ್ಲಿ ಕಮ್ಮಿಯಾಗ್ತಿದೆ ನೋಡ್ರೋ! ಎಲ್ರೂ ನಿಮ್ ನಿಮ್ ನಲ್ಲಿ ಬಿಡ್ರೋ!” ಎಲ್ಲರೂ ಓಡಿಹೋಗಿ ತಂತಮ್ಮ ಮನೆಯ ನಲ್ಲಿಗಳನ್ನೆಲ್ಲ ತೆರೆದರು. ಒಂದೇ ಪೈಪಿನ ನೀರು ಎಲ್ಲ ಕಡೆ ಹಂಚಿಹೋಗಿ ಟೈಲರನ ಗೋಡೆಯ ಕಾರಂಜಿ ಮಗುವಿನ ಉಚ್ಚೆಯಷ್ಟಕ್ಕೆ ಇಳಿಯಿತು. ಸೈಕಲ್ ಟ್ಯೂಬು ಸೀಳಿ ನಾನೇ ಬ್ಯಾಂಡೇಜು ಸುತ್ತಿದೆ. ಅವತ್ತಿನಿಂದ ಅದೇ ನಮ್ಮ ಬೀದಿಯ ಕಾನೂನು. ಪ್ರತಿ ಮನೆಯ ಕಿಟಕಿಗೂ ಒಂದು ಸ್ಟೀಲ್ ತಟ್ಟೆ ನೇತುಹಾಕಿದ್ದೇವೆ. ಯಾರ ಮನೆಯಲ್ಲಿ ಒಡೆಯಿತೋ ಅವರು ತಟ್ಟೆ ಬಾರಿಸಬೇಕು. ಕೇಳಿದವರು ಉಣ್ಣುತ್ತಿರಲಿ, ಮಲಗಿರಲಿ, ಗಂಡ ಹೆಂಡತಿ ಜಗಳವಾಡುತ್ತಿರಲಿ, ಎದ್ದು ಎಲ್ಲ ನಲ್ಲಿ ಬಿಡಬೇಕು. ಸಿಕ್ಕಿದಷ್ಟನ್ನು ಬಕೆಟ್ಟಿಗೆ, ಹಂಡೆಗೆ, ಗಿಡಕ್ಕೆ ಹಿಡಿಯುತ್ತೇವೆ. ಮಿಕ್ಕಿದ್ದು ರಸ್ತೆಗೆ ಹೋಗುತ್ತದೆ. ಜಗಳವಾಡಿ ಮಾತು ಬಿಟ್ಟ ಮನೆಯವರೂ ತಟ್ಟೆಯ ಸದ್ದಿಗೆ ನಲ್ಲಿ ಬಿಡುತ್ತಾರೆ. ಬಿಟ್ಟು ಮತ್ತೆ ಮಾತು ಬಿಡುತ್ತಾರೆ.

ಕಳೆದ ತಿಂಗಳು ಆ ಸರದಿ ನಮ್ಮದಾಯಿತು. ಮಧ್ಯಾಹ್ನ. ಗಂಡ ಕುರ್ಚಿಯಲ್ಲಿ ಕೂತಿದ್ದರು. ಹೊಟ್ಟೆಯ ದ್ರವ ಕೆಳಗಿನ ಚೀಲಕ್ಕೆ ಇಳಿಯುತ್ತಿತ್ತು. ಬಚ್ಚಲಿನಲ್ಲಿ ಧಡ್ ಎಂದು ಸದ್ದಾಯಿತು. ಗೋಡೆಯ ಪೈಪಿನ ಮೂಲೆ ಹಾರಿಹೋಗಿ, ತುಕ್ಕಿನ ಕೆಂಪು ನೀರು ಬಾಗಿಲ ಸಂದಿಯಿಂದ ಕೋಣೆಗೇ ನುಗ್ಗಿತು. ನನ್ನ ಗಂಡ ಕಾಲು ಮೇಲೆತ್ತಿಕೊಂಡು, “ಸಿಸ್ಟರ್, ಟಿಕೆಟ್ ಇಲ್ದೇ ಹತ್ತುತಾ ಇದೆ ನೋಡು” ಎಂದರು. ನಳಿಕೆಯ ಕ್ಲಾಂಪ್ ಒತ್ತಿದೆ, ಚೀಲವನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲಿಟ್ಟೆ, ಕಿಟಕಿಯ ತಟ್ಟೆಯನ್ನೂ ಸೌಟನ್ನೂ ಅವರ ಕೈಗೆ ಕೊಟ್ಟು ಬಚ್ಚಲಿಗೆ ಓಡಿದೆ. ಹೊಟ್ಟೆಯಲ್ಲಿ ನಳಿಕೆ ಇಟ್ಟುಕೊಂಡು ಆ ಮನುಷ್ಯ ತಟ್ಟೆ ಬಾರಿಸಿದ್ದನ್ನು ನೀವು ಕೇಳಬೇಕಿತ್ತು. ಬೀದಿಯವರು ನಲ್ಲಿ ಬಿಟ್ಟರು. ನೀರಿನ ರಭಸ ಇಳಿಯಿತು. ಹೇಗೋ ಟ್ಯೂಬು ಸುತ್ತಿ ಕಟ್ಟಿದೆ.

ಕಟ್ಟಿ ನೋಡಿಕೊಂಡರೆ ಮೊಣಕೈವರೆಗೆ ತುಕ್ಕು, ಕೆಸರು, ಗೋಡೆಯ ಸುಣ್ಣ. ಒಳಗೆ ಗಂಡನ ನಳಿಕೆ ಅರ್ಧಕ್ಕೆ ನಿಂತಿದೆ, ಬಿಚ್ಚಿ ಮುಚ್ಚಳ ಹಾಕಬೇಕು. ಕೈ ತೊಳೆಯಲು ಅಡುಗೆಮನೆಯ ನಲ್ಲಿ ತಿರುಗಿಸಿದೆ. ಒಂದು ಹನಿಯೂ ಇಲ್ಲ. ಹೇಗಿರುತ್ತದೆ? ನನ್ನ ಮನೆ ಉಳಿಸಲು ಇಡೀ ಬೀದಿ ನೀರು ಎಳೆದುಕೊಳ್ಳುತ್ತಿದೆ. ನಲ್ಲಿ ನಿಲ್ಲಿಸಿ ಎಂದರೆ ಪೈಪು ಮತ್ತೆ ಕಿತ್ತುಬರುತ್ತದೆ. ಸ್ಪಿರಿಟ್ ಇತ್ತು, ಆದರೆ ಕೆಸರಿನ ಕೈಗೆ ಸ್ಪಿರಿಟ್ ಹಚ್ಚುವುದೆಂದರೆ ಹಂದಿಗೆ ಅತ್ತರು ಪೂಸಿದಂತೆ. ಥಿಯೇಟರಿನಲ್ಲಿ ನಾನು ಯಾವತ್ತೂ ದಿಕ್ಕು ತೋಚದೆ ನಿಂತಿದ್ದಿಲ್ಲ, ಮಾನ್ಯರೇ. ಅವತ್ತು ಅಡುಗೆಮನೆಯಲ್ಲಿ ಎರಡೂ ಕೈ ಮೇಲೆತ್ತಿಕೊಂಡು ನಿಂತುಬಿಟ್ಟೆ. ನನಗೆ ಹೆದರಿಕೆಯಾಯಿತು. ಈ ಕೈಯೇ ಅವರನ್ನು ಕೊಲ್ಲುತ್ತದೆ ಅನಿಸಿತು. ಅಷ್ಟರಲ್ಲಿ ಸಿಸಿಟಿವಿ ಅಕ್ಕ ಕೊಡ ತುಂಬ ನೀರು ಹೊತ್ತುಕೊಂಡು ಒಳಗೆ ಬಂದರು. “ನಿನ್ನ ಮುಖ ಕಿಟಕೀಲಿ ಕಾಣ್ತು ಕಣೇ. ಹಿಡಿ ಕೈ, ಹುಯ್ತೀನಿ.” ಅವರು ಸಣ್ಣಗೆ ಧಾರೆ ಹುಯ್ದರು, ನಾನು ತಿಕ್ಕಿ ತಿಕ್ಕಿ ತೊಳೆದೆ. ಗಂಡನ ನಳಿಕೆ ಬಿಚ್ಚಿ, ಮುಚ್ಚಳ ಹಾಕಿ, ಅವರ ಪಕ್ಕದಲ್ಲೇ ಕುಸಿದು ಕೂತೆ. ಅವರ ಕೈಯಲ್ಲಿ ಇನ್ನೂ ಸೌಟಿತ್ತು.

ಇದೇ ಹೊತ್ತಿಗೆ ನಮ್ಮ ಬೀದಿಗೆ ನಿಮ್ಮ ಇಲಾಖೆಯ ಆಗಮನವಾಯಿತು. ಪೈಪು ಒಡೆದಾಗ ಒಮ್ಮೆಯೂ ಬಾರದ ಇಲಾಖೆ, ನಲ್ಲಿ ಬಿಟ್ಟಾಗ ಬಂದಿತು. ನಿಮ್ಮ ತಪಾಸಣೆಯ ಅಧಿಕಾರಿ ಒದ್ದೆಯಾದ ಬೂಟುಗಳನ್ನು ಒಂದೊಂದಾಗಿ ಎತ್ತಿ ನೋಡಿಕೊಂಡು, ಇವತ್ತು ಇದನ್ನೆಲ್ಲ ಶುರುಮಾಡಿದವರು ಯಾರು ಎಂದು ಕೇಳಿದರು. ಟೈಲರು ಸತ್ಯವಂತ, ನಮ್ಮ ಮನೆ ತೋರಿಸಿದ. ಅಧಿಕಾರಿಗೆ ನಾನು ಎಲ್ಲ ವಿವರಿಸಿದೆ. ಒಡೆದ ಪೈಪು, ಗಂಡನ ಹೊಟ್ಟೆ, ಡಾಂಬರು ಎಲ್ಲವನ್ನೂ ತೋರಿಸಿದೆ. ಹೊಟ್ಟೆ ನೋಡಿ ಅವರು ಮುಖ ತಿರುಗಿಸಿದರು. “ಅದೆಲ್ಲ ಸರಿ ಸಿಸ್ಟರ್. ಆದ್ರೆ ನೀವು ತಟ್ಟೆ ಬಾರಿಸಿದ್ದು ಹೌದೋ ಅಲ್ವೋ?” ಎಂದರು. ಬಾರಿಸಿದ್ದು ಇವರು ಎಂದೆ. ನನ್ನ ಗಂಡ ಸೌಟು ಎತ್ತಿ ತೋರಿಸಿದರು. ‘ಉದ್ದೇಶಪೂರ್ವಕವಾಗಿ ಸಾಮೂಹಿಕ ನೀರು ಪೋಲಿಗೆ ಪ್ರಚೋದನೆ’ ಎಂದು ನೋಟಿಸು ಬಂದಿತು, ನೀರು ಕಡಿತದ ದಿನಾಂಕದ ಸಮೇತ. ಹಾಸಿಗೆಯಿಂದ ಕುರ್ಚಿಗೆ ಬರಲು ನನ್ನ ಭುಜ ಹಿಡಿಯುವ ಮನುಷ್ಯ ಈಗ ಪ್ರಚೋದಕ. ಅವರಿಗಂತೂ ಭಾರಿ ಖುಷಿ. ಇಷ್ಟು ವರ್ಷ ಸರ್ವಿಸ್ ಮಾಡಿದರೂ ಯಾವ ಮುಷ್ಕರದಲ್ಲೂ ಈ ಬಿರುದು ಸಿಕ್ಕಿರಲಿಲ್ಲವಂತೆ.

ಇನ್ನು ಮುಂದಿನದನ್ನು ನೀವು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡು ಓದಿ. ಹೇಳಿದ ದಿನಕ್ಕೆ ನಿಮ್ಮ ಇಬ್ಬರು ಕೆಲಸಗಾರರು ಸ್ಪ್ಯಾನರ್ ಹಿಡಿದು ನೀರು ಕಡಿಯಲು ಬಂದರು. ಒಳ್ಳೆಯವರು, ಚಪ್ಪಲಿ ಹೊರಗೆ ಬಿಟ್ಟರು. ಪೈಪು ನೋಡಿದರು, ತಲೆ ಕೆರೆದುಕೊಂಡರು, ಬೀದಿಯುದ್ದ ಓಡಾಡಿ ವಾಪಸು ಬಂದು ಬಾಗಿಲಲ್ಲಿ ನಿಂತರು.

“ಸಿಸ್ಟರ್, ಪೈಪ್ ಕತ್ತರಿಸಿ ಬಿರಡೆ ಹಾಕ್ಬೇಕು. ಅದಕ್ಕೆ ಮೊದ್ಲು ನೀರು ನಿಲ್ಲಿಸ್ಬೇಕಲ್ಲ. ಬೀದಿ ವಾಲ್ವ್ ಎಲ್ಲಿದೆ?”

“ನಕ್ಷೇಲಿ ಇಲ್ವಂತಲ್ಲಪ್ಪ” ಎಂದೆ.

“ನಕ್ಷೆ ಹಾಳಾಗ್ಲಿ. ನಿಜವಾಗ್ಲೂ ಎಲ್ಲಿದೆ?”

ಒಳಗಿನಿಂದ ನನ್ನ ಗಂಡ, “ಅವರಿಗೂ ಒಂದು ತಟ್ಟೆ ಕೊಡು, ಬಾರಿಸ್ಲಿ” ಎಂದು ಕೂಗಿದರು. ಆ ಹುಡುಗರು ನಕ್ಕರು, ನೀರು ಕೇಳಿ ಕುಡಿದರು. ಕಡಿಯಲು ಬಂದ ನೀರನ್ನೇ ಕುಡಿದು ಹೋದರು. ಅದಕ್ಕೆ ಪ್ರತಿಯಾಗಿ ನಿಮ್ಮಿಂದ ಎರಡನೆಯ ನೋಟಿಸು ಬಂದಿದೆ. ‘ಗ್ರಾಹಕರು ಮುಖ್ಯ ವಾಲ್ವಿನ ಸ್ಥಳವನ್ನು ಮರೆಮಾಚಿ ಇಲಾಖೆಯ ಕಾರ್ಯಕ್ಕೆ ಅಡ್ಡಿಪಡಿಸಿರುತ್ತಾರೆ. ಬರುವ ಸೋಮವಾರ ನೀರು ಕಡಿತಕ್ಕಾಗಿ ಸದರಿ ಸ್ಥಳವನ್ನು ತಪ್ಪದೆ ತೋರಿಸತಕ್ಕದ್ದು.’ ನಾನು ಕೇಳಿದಾಗ ಇಲ್ಲದ ವಾಲ್ವ್ ನನ್ನ ನೀರು ಕಡಿಯುವಾಗ ಎಲ್ಲಿಂದ ಹುಟ್ಟಿತು? ಇಡೀ ರಸ್ತೆ ಹೊದಿಸಿ ಅದನ್ನು ಮರೆಮಾಚುವಷ್ಟು ದೊಡ್ಡ ಸೆರಗು ನನ್ನ ಹತ್ತಿರ ಇದೆಯೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ನೆಲವನ್ನು ಸಮ ಮಾಡಿಸಿಯೂ ಕುಣಿಯಲಾರಿರಿ.

ಆಗಲಿ, ತೋರಿಸುತ್ತೇನೆ. ಟೈಲರನ ಬಟ್ಟೆ ಗುರುತು ಹಾಕುವ ಸೀಮೆಸುಣ್ಣ ತಂದು ರಸ್ತೆಯ ತಿರುವಿನಲ್ಲಿ ವೃತ್ತ ಬರೆದಿದ್ದೇನೆ. ನನ್ನ ಬೇಡಿಕೆ ಇಷ್ಟು: ಸೋಮವಾರ ತಪ್ಪದೆ ಬನ್ನಿ. ಇದು ನಿಮ್ಮ ಇಲಾಖೆಯ ಇತಿಹಾಸದಲ್ಲೇ, ನನ್ನ ನೀರು ಕಡಿಯಿರಿ ಎಂದು ಗ್ರಾಹಕರೇ ಕರೆದ ಮೊದಲ ಸಂದರ್ಭ ಇರಬಹುದು. ಬೆಳಿಗ್ಗೆಯ ಚೀಲ ಬದಲಾಯಿಸಿದ ಮೇಲೆ ಬನ್ನಿ, ಮಧ್ಯಾಹ್ನದ್ದಕ್ಕೆ ಮೊದಲು ಮುಗಿಸಿ. ಆ ವೃತ್ತದೊಳಗೆ ಅಗೆಯಿರಿ. ವಾಲ್ವ್ ಸಿಗುತ್ತದೆ. ಮುಚ್ಚಿ. ‘ಬಂದೆ’ಯನ್ನು ಹಿಂದಿನ ದಿನವೇ ಕರೆಸಿ ಮನೆಯಲ್ಲೇ ಕೂಡಿಹಾಕಿಕೊಳ್ಳುತ್ತೇನೆ, ನಿಮ್ಮವರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವನು ನಮ್ಮ ಪೈಪಿಗೊಂದು ವಾಲ್ವ್ ಕೂರಿಸಲಿ. ಉಳಿದ ಮನೆಗಳಿಗೆ ಇನ್ನೊಂದು ದಿನ ಗೊತ್ತುಮಾಡಿ. ಬೀದಿಯ ವಾಲ್ವಿನ ಮುಚ್ಚಳವನ್ನು ರಸ್ತೆಯ ಮಟ್ಟಕ್ಕೆ ಎತ್ತರಿಸಿ, ಎಲ್ಲರಿಗೂ ಕಾಣುವ ಹಾಗೆ ಬಣ್ಣ ಬಳಿಯಿರಿ. ಎರಡೂ ನೋಟಿಸುಗಳನ್ನು ಹಿಂದಕ್ಕೆ ಪಡೆಯಿರಿ. ಆಮೇಲೆ ನೀರು ಬಿಡಿ.

ಇಲ್ಲ, ನಮ್ಮ ನೀರು ಕಡಿದೇ ಹೋಗುವುದು ನಿಮ್ಮ ತೀರ್ಮಾನವಾದರೆ, ಆ ಹುಡುಗರನ್ನು ಕಳಿಸಬೇಡಿ. ನೀವೇ ಬನ್ನಿ. ಚಪ್ಪಲಿ ಹಾಕಿಕೊಂಡೇ ಒಳಗೆ ಬನ್ನಿ, ಪರವಾಗಿಲ್ಲ. ಕುರ್ಚಿಯಲ್ಲಿ ಒಬ್ಬರು ಕೂತಿರುತ್ತಾರೆ, ನಿಮಗೂ ಒಂದು ತಮಾಷೆ ಹೇಳುತ್ತಾರೆ. ಅದು ಮುಗಿದ ಮೇಲೆ, ಇನ್ನು ಈ ಮನೆಯಲ್ಲಿ ನೀರಿಲ್ಲ ಎಂದು ಅವರ ಮುಖ ನೋಡಿ ನೀವೇ ಹೇಳಬೇಕು. ಥಿಯೇಟರಿನ ಬಾಗಿಲಾಚೆ ಕಾದು ಕೂತಿದ್ದ ಎಷ್ಟೋ ಹೆಂಗಸರಿಗೆ ಅವರವರ ಗಂಡಂದಿರ ಸುದ್ದಿಯನ್ನು ನಾನೇ ಹೊರಗೆ ಬಂದು ಹೇಳಿದ್ದೇನೆ. ಡಾಕ್ಟರುಗಳಿಗೆ ಧೈರ್ಯ ಸಾಲದಾಗ ನನ್ನನ್ನೇ ಮುಂದೆ ತಳ್ಳುತ್ತಿದ್ದರು. ಇದೊಂದು ಸುದ್ದಿ ನನ್ನಿಂದ ಹೇಳಲಾಗುವುದಿಲ್ಲ.

ಇಂತಿ,
ನಿಮ್ಮ ಎರಡನೆಯ ನೋಟಿಸಿನಲ್ಲಿ ‘ಅಡ್ಡಿಪಡಿಸಿದ ಗ್ರಾಹಕರು’ ಎನಿಸಿಕೊಂಡ,
ಸೋಮವಾರ ಎಲ್ಲಿಗೂ ಹೋಗದೆ ಮನೆಯಲ್ಲೇ ಇರುವ
ಒಬ್ಬ ನಿವೃತ್ತ ನರ್ಸ್